ಉಪವಾಸದ ಬಿಯರ್

ನಮ್ಮ ದೇವರ ಗೂಡಿನಲ್ಲಿ, ಅಯ್ಯಪ್ಪಸ್ವಾಮಿಯ ಪಟದ ಹಿಂದೆ, ಒಂದು ಚಿತ್ರದ ಕಾರ್ಡು ಇದೆ. ದಪ್ಪ ಗೋಡೆಯ ಹಳೆಯ ಕಟ್ಟಡ, ಗಂಟೆಯ ಗೋಪುರ, ಎದುರಿಗೆ ಎರಡು ಕುದುರೆ ಕಟ್ಟಿದ ಗಾಡಿ, ಗಾಡಿಯ ತುಂಬ ಮರದ ಪೀಪಾಯಿಗಳು. ನೋಡಿದವರು ಇಗರ್ಜಿ ಎಂದುಕೊಳ್ಳುತ್ತಾರೆ. ಅದು ಇಗರ್ಜಿಯೂ ಹೌದು, ಬಿಯರ್ ಮಾಡುವ ಸ್ಥಳವೂ ಹೌದು. ಜರ್ಮನಿಯಲ್ಲಿದೆ. ಅಲ್ಲಿನ ಸನ್ಯಾಸಿಗಳು ನೂರಾರು ವರ್ಷಗಳ ಹಿಂದೆ ಶುರು ಮಾಡಿದ ಬಿಯರನ್ನು ಈಗಲೂ ಅದೇ ಕ್ರಮದಲ್ಲಿ ಮಾಡುತ್ತಾರಂತೆ. ಪಕ್ಕದ ಮನೆಯ ಮರಾಠಿ ಕಾಕು ಒಮ್ಮೆ ಅರಿಶಿನ ಕುಂಕುಮಕ್ಕೆ ಬಂದಾಗ ಕಾರ್ಡನ್ನು ನೋಡಿ, "ಹೇ ಕಾಯ್ ಗ?" ಎಂದು ಕೇಳಿದರು. "ಇವರ ಕೆಲಸದ ಕಡೆಯದ್ದು" ಎಂದೆ. ಅವರು ಕೈ ಮುಗಿದು ಹೋದರು. ನಾನು ತಡೆಯಲಿಲ್ಲ.

ನನ್ನ ಗಂಡ ಕುಡಿಯುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ನಾವಿಬ್ಬರೂ ಉಡುಪಿ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಅವರು ಠಾಣೆಯ ಮಾಜಿವಾಡಾದ ಒಂದು ಬಾರಿನಲ್ಲಿ ಕೌಂಟರಿನ ಕೆಲಸದಲ್ಲಿದ್ದರು. ಬೇರೆಯವರಿಗೆ ಅಳೆದು ಹಾಕುವ ಕೈ ತನಗೆ ಮಾತ್ರ ಅಳೆಯದೆ ಹಾಕಿಕೊಳ್ಳುತ್ತಿತ್ತು. ಹೊಡೆಯುವವರಲ್ಲ, ಬೈಯುವವರಲ್ಲ, ಅದನ್ನು ನಾನು ದೇವರ ದಯೆ ಎಂದೇ ಲೆಕ್ಕ ಹಿಡಿದಿದ್ದೆ. ಕುಡಿದರೆ ಅವರು ಸುಮ್ಮನೆ ಇಲ್ಲದಂತಾಗುತ್ತಿದ್ದರು, ಅಷ್ಟೆ. ಟ್ರೇನಿನಲ್ಲಿ ನಿದ್ದೆ ಹೋಗಿ, ಡೊಂಬಿವಲಿ ದಾಟಿ, ಕಲ್ಯಾಣವನ್ನೂ ದಾಟಿ ಎಲ್ಲೋ ಎಚ್ಚರವಾಗಿ ಬೆಳಗಿನ ಗಾಡಿಗೆ ವಾಪಸು ಬರುವರು. ಬಂದವರ ಕಣ್ಣಿನಲ್ಲಿ ನಾನೂ ಇರುತ್ತಿರಲಿಲ್ಲ, ಮಗಳೂ ಇರುತ್ತಿರಲಿಲ್ಲ.

ವರ್ಷಕ್ಕೊಂದು ಸಲ ಮಾತ್ರ ನನಗೆ ಗಂಡ ಸಿಗುತ್ತಿದ್ದರು. ದೀಪಾವಳಿ ಕಳೆದು ವೃಶ್ಚಿಕ ಮಾಸ ಹುಟ್ಟಿದಾಗ ಅವರು ಶಬರಿಮಲೆಗೆ ಮಾಲೆ ಹಾಕುತ್ತಿದ್ದರು. ಒಂದು ಮಂಡಲ, ಅಂದರೆ ತಿಂಗಳು ತುಂಬಿ ಮೇಲೆ ಇನ್ನಷ್ಟು ದಿನ. ಕಪ್ಪು ಪಂಚೆ, ಬರಿಗಾಲು, ತಣ್ಣೀರಿನ ಸ್ನಾನ, ಒಂದೇ ಹೊತ್ತು ಊಟ, ನೆಲದ ಮೇಲೆ ಚಾಪೆ. ಹೆಂಡ ಮಾಂಸ ಹತ್ತಿರ ಸುಳಿಯುವ ಹಾಗಿಲ್ಲ. ಮಾಲೆ ಹಾಕಿದವರನ್ನು ಹೆಸರು ಹಿಡಿದು, ಸಂಬಂಧ ಹಿಡಿದು ಕರೆಯುವ ಹಾಗಿಲ್ಲ. ಅವರು ಎಲ್ಲರಿಗೂ ಸ್ವಾಮಿ. ನಾನೂ ಗಂಡನನ್ನು ಸ್ವಾಮಿ ಎನ್ನುತ್ತಿದ್ದೆ. ಅವರು ನನ್ನನ್ನು ಅಮ್ಮ ಎನ್ನುತ್ತಿದ್ದರು. ಉಳಿದ ವರ್ಷವೆಲ್ಲ "ಏ" ಎಂದು ಕರೆಯುವವರು. ತುಂಬಿದ ಲೋಕಲ್ಲಿನಲ್ಲಿ ಗಂಡಸರು ಸರಿದು, "ಸ್ವಾಮಿ, ಆವೋ, ಬೈಠೋ" ಎಂದು ಜಾಗ ಬಿಡುತ್ತಿದ್ದರಂತೆ. ಅದನ್ನು ಮನೆಗೆ ಬಂದು ಮಗುವಿನ ಹಾಗೆ ಹೇಳುತ್ತಿದ್ದರು. ಸಂಜೆ ಭಜನೆ ಮುಗಿದ ಮೇಲೆ ಮಗಳ ಗಣಿತದ ಪುಸ್ತಕ ತಿರುವಿ ನೋಡುತ್ತಿದ್ದರು. ಬಾರಿನ ಕೌಂಟರಿನಲ್ಲೇ ನಿಂತು, ಬಾಟ್ಲಿಗಳ ನಡುವೆಯೇ, ಒಂದು ಹನಿ ಮುಟ್ಟದೆ ಇಡೀ ಮಂಡಲ ಕಳೆಯುತ್ತಿದ್ದರು. ಅಷ್ಟು ಮಾಡಬಲ್ಲವರು ಉಳಿದ ದಿನ ಯಾಕೆ ಮಾಡಲಾರರು ಎಂದು ಮೊದಮೊದಲು ಕೇಳುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟೆ. ಇಷ್ಟಾದರೂ ಇದೆಯಲ್ಲ ಎಂದುಕೊಂಡೆ. ಬೆಟ್ಟಕ್ಕೆ ಹೋಗಿ ಬಂದು ಮಾಲೆ ತೆಗೆದ ಸಂಜೆಯೇ ಪುನಃ ಎಲ್ಲ ಶುರು.

ಹೀಗೆ ವರ್ಷಗಳು ಹೋದವು. ಮಗಳು ಹೈಸ್ಕೂಲಿಗೆ ಬಂದಳು. ಆ ಹೊತ್ತಿಗೆ ಅವರ ಧಣಿಗೆ ಒಂದು ಹೊಸ ಹುಚ್ಚು ಹತ್ತಿತು. ಧಣಿಯೂ ನಮ್ಮ ಊರಿನ ಕಡೆಯವರೇ. ನವಿ ಮುಂಬಯಿಯಲ್ಲಿ, ಕೋಪರಖೈರಣೆಯಿಂದ ರಿಕ್ಷಾದಲ್ಲಿ ಹೋಗುವಷ್ಟು ದೂರದಲ್ಲಿ ಅವರದ್ದೊಂದು ದೊಡ್ಡ ಹೋಟೆಲಿತ್ತು. ಬಾಟ್ಲಿಯ ಬಿಯರ್ ಮಾರಿದ್ದು ಸಾಕು, ಇನ್ನು ಅಲ್ಲೇ ಕುದಿಸಿ ಅಲ್ಲೇ ಕೊಡುವುದು ಎಂದು ಹೊರಟರು. ಜರ್ಮನಿಯಿಂದ ಒಂದು ತಾಮ್ರದ ಹಂಡೆ ಬಂತು, ಸ್ಟೀಲಿನ ಟ್ಯಾಂಕುಗಳು ಬಂದವು, ಬಿಯರಿಗೆ ಬೇಕಾದ ಜವೆ ಧಾನ್ಯದ ಮೂಟೆಗಳು ಬಂದು ಭಿವಂಡಿಯ ಗೋಡೌನಿನಲ್ಲಿ ಕೂತವು. ಹಂಡೆಯ ಹಿಂದೆಯೇ ಜರ್ಮನಿಯ ಮುದುಕರೊಬ್ಬರು ಬಂದರು. ಆ ಚಿತ್ರದ ಕಾರ್ಡಿನ ಸ್ಥಳದಲ್ಲಿ ಜೀವಮಾನವಿಡೀ ಬಿಯರ್ ಮಾಡಿ ನಿವೃತ್ತರಾದವರು. ಕೆಲವು ತಿಂಗಳು ಇದ್ದು ಕಲಿಸಿ ಹೋಗುವುದೆಂದು ಮಾತು. ಅವರ ಕೈಕೆಳಗೆ ಯಾರನ್ನು ಹಾಕುವುದು ಎಂಬ ಪ್ರಶ್ನೆ ಬಂದಾಗ ಧಣಿ ನನ್ನ ಗಂಡನನ್ನು ಕರೆದರು.

"ಬಾರಿನಲ್ಲಿ ನಿಂತು ಮಂಡಲ ಕಳೆಯುವವ ನೀನು. ನಿನಗೆ ಕೊಟ್ರೆ ಟ್ಯಾಂಕ್ ಉಳೀತದೆ ಮಾರಾಯ" ಎಂದರಂತೆ.

ಬಾರಿನಲ್ಲಾದರೆ ಬಾಟ್ಲಿ, ಇಲ್ಲಿ ಕೆರೆಯೇ. ಅಯ್ಯಪ್ಪಾ, ಇವರನ್ನು ಎಲ್ಲಿಗೆ ತಳ್ಳಿದೆ ಎಂದು ಗೂಡಿನ ಮುಂದೆ ಕೂತು ಅತ್ತೆ.

ಆದರೆ ಆದದ್ದು ಬೇರೆ. ಆ ತಿಂಗಳುಗಳಲ್ಲಿ ಅವರು ವಿಸ್ಕಿ ಬಿಟ್ಟರು. ಯಾರೂ ಬಿಡು ಎನ್ನಲಿಲ್ಲ. ಬೆಳಗ್ಗೆ ಬೇಗ ಎದ್ದು ಠಾಣೆಗೆ ಹೋಗಿ ಅಲ್ಲಿಂದ ವಾಶಿಯ ಗಾಡಿ ಹಿಡಿಯುತ್ತಿದ್ದರು. ಕತ್ತಲಾಗುವ ಮೊದಲೇ ಮನೆ. ಬಟ್ಟೆಯಲ್ಲಿ ಹುರಿದ ಧಾನ್ಯದ ವಾಸನೆ. ಮಗಳು ಹಸುಗೂಸಾಗಿದ್ದಾಗ ರಾಗಿ ಮೊಳಕೆ ಬರಿಸಿ, ಒಣಗಿಸಿ, ಹುರಿಯುತ್ತಿದ್ದೆನಲ್ಲ, ಅದೇ ವಾಸನೆ. ಅಂಗಿಯನ್ನು ನೆನೆಹಾಕುವ ಮೊದಲು ನಾನು ಒಮ್ಮೆ ಮುಖಕ್ಕೆ ಹಿಡಿಯುತ್ತಿದ್ದೆ.

ಕೂತಲ್ಲಿ ನಿಂತಲ್ಲಿ ಅದೇ ಮಾತು. "ಅವರದ್ದು ಮಡಿ ಅಂದ್ರೆ ಮಡಿ ಮಾರಾಯ್ತಿ. ನಮ್ಮ ಮಠದ ಅಡುಗೆಯವರೂ ಹಾಗೆ ಮಾಡ್ಲಿಕ್ಕಿಲ್ಲ. ನೀರು, ಜವೆ, ಹಾಪ್ಸ್ ಅಂತ ಒಂದು ಕಹಿ ಹೂವು, ಮತ್ತೆ ಹುದುಗು. ಐದನೇದ್ದು ಹಾಕ್ಲಿಕ್ಕೆ ಇಲ್ಲ. ಅವರ ಹಳೇ ರಾಜರ ಕಾಲದ ಕಟ್ಟಳೆ ಉಂಟಂತೆ. ಕುದಿಸಿ ತಣಿಸಿದ ಮೇಲೆ ಕೈ ತಾಗಬಾರದು, ಉಸಿರು ತಾಗಬಾರದು."

ಆ ಕಟ್ಟಳೆಯಲ್ಲಿ ಗೋಧಿಗೆ ಮಾತ್ರ ವಿನಾಯಿತಿಯಂತೆ; ಗೋಧಿಯದ್ದೊಂದು ಬಿಯರ್ ಮಾಡುತ್ತಿದ್ದರು, ಮಬ್ಬುಮಬ್ಬಾಗಿ, ಬಾಳೆಹಣ್ಣು ಲವಂಗದ ವಾಸನೆಯದ್ದು. ಹುರಿದ ಜವೆಯಿಂದ ಕಪ್ಪು ಬಿಯರ್ ಮಾಡುತ್ತಿದ್ದರು. ದಿನಕ್ಕೊಮ್ಮೆ ಟ್ಯಾಂಕಿನಿಂದ ಒಂದು ಸಣ್ಣ ಗ್ಲಾಸಿಗೆ ಹಿಡಿದು ರುಚಿ ನೋಡಬೇಕಿತ್ತು. ಬಾಯಿಗೆ ಹಾಕಿ ಉಗಿದರೆ ಸಾಲದು, ನುಂಗಲೇಬೇಕು, ಈ ಕಹಿ ಸಿಗುವುದು ಗಂಟಲಿನ ಹಿಂದೆ ಎಂದು ಮುದುಕರು ಕಲಿಸಿದ್ದರು. ಆ ಒಂದು ಗ್ಲಾಸು ನುಂಗಿ ಅವರು ನಿಲ್ಲಿಸುತ್ತಿದ್ದರು. ಅದು ಅವರಿಗೆ ಕುಡಿತವಲ್ಲ, ಕೆಲಸ. ನಾನು ನಂಬಿದೆ. ಈಗಲೂ ಆ ತಿಂಗಳುಗಳನ್ನು ಸುಳ್ಳು ಎನ್ನಲಾರೆ.

ಮುದುಕರು ಜರ್ಮನಿಗೆ ವಾಪಸು ಹೋಗುವ ಮೊದಲು ಇವರು ಅವರನ್ನು ಮನೆಗೆ ಊಟಕ್ಕೆ ಕರೆದರು. ಒಂದೇ ಕೋಣೆ ಮತ್ತು ಅಡುಗೆಮನೆಯ ನಮ್ಮ ಮನೆಯಲ್ಲಿ ಆ ಎತ್ತರದ ಮನುಷ್ಯ ನಿಂತರೆ ಫ್ಯಾನಿಗೆ ತಲೆ ತಾಗುತ್ತದೋ ಎಂದು ನನಗೆ ಹೆದರಿಕೆ. ನೆಲಕ್ಕೆ ಕೂರಲು ಪ್ರಯತ್ನಪಟ್ಟರು, ಆಗಲಿಲ್ಲ, ಮಂಚದ ಮೇಲೆ ಕೂರಿಸಿದೆವು. ಸೋಮವಾರವಾದ್ದರಿಂದ ಮೀನಿಲ್ಲ. ನೀರುದೋಸೆ, ಬಸಳೆಯ ಗಸಿ, ಹೆಸರುಬೇಳೆ ಪಾಯಸ. ಅವರ ಇಂಗ್ಲಿಷನ್ನು ಮಗಳು ನನಗೆ ಹೇಳುತ್ತಿದ್ದಳು, ನಮ್ಮ ತುಳುವಿನಲ್ಲೂ ಅಲ್ಲ, ಕನ್ನಡದಲ್ಲೂ ಅಲ್ಲ, ಅವಳದ್ದೇ ಖಿಚಡಿಯಲ್ಲಿ.

"ಮಮ್ಮಿ, ಅಂಕಲ್ ಕೇಳ್ತಿದಾರೆ, ದಹಿ ಹೇಗೆ ಜಮಾಯಿಸ್ತೀಯಾ?"

"ನಿನ್ನೆಯದ್ದರಲ್ಲಿ ಒಂದು ಚಮಚ ಇವತ್ತಿನ ಹಾಲಿಗೆ. ನನ್ನ ಅತ್ತೆ ಊರಿನಿಂದ ಕೊಟ್ಟ ಹೆಪ್ಪು. ಇನ್ನೂ ಅದೇ ನಡೀತಾ ಉಂಟು ಅಂತ ಹೇಳು."

ಮುದುಕರು ಕೈ ತಟ್ಟಿದರು. ನಮ್ಮ ಹುದುಗೂ ಹಾಗೆಯೇ, ಒಂದು ಟ್ಯಾಂಕಿನದ್ದು ಇನ್ನೊಂದಕ್ಕೆ ಎಂದರಂತೆ. ಎರಡು ಸಲ ಮೊಸರು ಹಾಕಿಸಿಕೊಂಡರು. ಆಮೇಲೆ ನನ್ನ ಗಂಡನ ಕಡೆ ಬೆರಳು ಆಡಿಸುತ್ತ ಏನೋ ಹೇಳಿದರು. ಮಗಳು ನಕ್ಕಳು. "ಮಮ್ಮಿ, ಅಂಕಲ್ ಹೇಳ್ತಾರೆ, ದಹಿ ಏಕ್‌ದಮ್ ಮಸ್ತ್. ಆದ್ರೆ ಟ್ಯಾಂಕಿನ ಹತ್ರ ಇದು ದುಶ್ಮನ್ ಅಂತೆ, ಬಿಯರ್ ಖಟ್ಟಾ ಆಗ್ತದಂತೆ. ಇವತ್ತು ಪಪ್ಪ ಸ್ನಾನ ಮಾಡ್ದೆ, ಕಪಡಾ ಚೇಂಜ್ ಮಾಡ್ದೆ ಒಳಗೆ ಬರಬಾರದಂತೆ."

"ಗೊತ್ತುಂಟು ಗೊತ್ತುಂಟು" ಎಂದು ಇವರೂ ನಕ್ಕರು.

ಆಗಲೇ ಮುದುಕರು ಕಿಸೆಯಿಂದ ಆ ಕಾರ್ಡು ತೆಗೆದು ಕೊಟ್ಟದ್ದು. ಸನ್ಯಾಸಿಗಳು ಬಿಯರ್ ಮಾಡುವುದೆಂದರೆ ನನಗೆ ನುಂಗಲಾರದ ತುತ್ತು. ಊರಿನಲ್ಲಿ ದೈವಕ್ಕೆ ಕಳ್ಳು ಇಡುವುದನ್ನು ಕಂಡು ಬೆಳೆದವಳೇ ನಾನು; ಆದರೂ ಇದು ಬೇರೆ ಅನಿಸಿತು. ಯಾಕೆ ಮಾಡುತ್ತಾರೆ ಎಂದು ಮಗಳಿಂದ ಕೇಳಿಸಿದೆ. ಅವರು ಹೇಳಿದ್ದು ಇದು. ಆ ಸನ್ಯಾಸಿಗಳಿಗೆ ವರ್ಷಕ್ಕೊಮ್ಮೆ ದೊಡ್ಡ ಉಪವಾಸ, ವಾರಗಟ್ಟಲೆಯದ್ದು. ಅಗಿಯುವ ಆಹಾರ ಕೂಡದು, ಕುಡಿಯುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಜವೆ ಹೆಚ್ಚು ಹಾಕಿ ಗಂಜಿಯಂಥ ಗಟ್ಟಿ ಬಿಯರ್ ಮಾಡಿದರು. ಅವರಲ್ಲಿ ಅದಕ್ಕೆ ಕುಡಿಯುವ ರೊಟ್ಟಿ ಎನ್ನುತ್ತಾರಂತೆ. ರುಚಿ ಹೆಚ್ಚಾಗಿ ಹೋಯಿತು, ಇದು ಪಾಪವಾಗುತ್ತದೋ ಎಂದು ಭಯವಾಗಿ, ಒಂದು ಪೀಪಾಯಿಯನ್ನು ರೋಮಿನಲ್ಲಿರುವ ಅವರ ದೊಡ್ಡ ಗುರುಗಳಿಗೆ ಕಳಿಸಿದರಂತೆ. ಬೆಟ್ಟ ಹತ್ತಿ ಇಳಿದು, ಬಿಸಿಲಿನಲ್ಲಿ ಕುಲುಕಿ, ತಲುಪುವಾಗ ಅದು ಹುಳಿಯಾಗಿತ್ತು. ಗುರುಗಳು ಒಂದು ಗುಟುಕು ಕುಡಿದು ಮುಖ ಹಿಂಡಿ, "ಪಾಪ, ಇಂಥದ್ದನ್ನು ಕುಡಿಯುವುದೇ ದೊಡ್ಡ ತಪಸ್ಸು, ಧಾರಾಳವಾಗಿ ಕುಡಿಯಲಿ" ಎಂದು ಅಪ್ಪಣೆ ಕೊಟ್ಟರಂತೆ.

ಮುದುಕರು ಹೊಟ್ಟೆ ಹಿಡಿದು ನಕ್ಕರು. ಇದು ಕಥೆ, ಆದರೆ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ ಎಂದರು. ಈಗಲೂ ಉಪವಾಸದ ಬಿಯರಿನ ಮೊದಲ ಪೀಪಾಯಿಗೆ ಪಾದ್ರಿಗಳು ಪ್ರಾರ್ಥನೆ ಹೇಳಿ ನೀರು ಚಿಮುಕಿಸುತ್ತಾರೆ ಎಂದೂ ಹೇಳಿದರು. ನನ್ನ ಗಂಡ ಆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕೆಟ್ಟು ಹೋದದ್ದರಿಂದಲೇ ಒಳ್ಳೆಯದಾದ ಕಥೆ ಎಂದು ನನಗೆ ಸಮಾಧಾನವಾಗಿತ್ತು.

ಮುದುಕರು ಹೋದರು. ಮಳೆಗಾಲ ಮುಗಿಯಿತು. ದೀಪಾವಳಿಯ ಹೊತ್ತಿಗೆ ಧಣಿಗೆ ಹೊಸ ಯೋಚನೆ: ಹೊಸ ವರ್ಷದ ಪಾರ್ಟಿಗೆ ಆ ಉಪವಾಸದ ಬಿಯರನ್ನೇ ಮಾಡುವುದು. ಊರಿಡೀ ಬ್ಯಾನರ್ ಕಟ್ಟಿಸಿದರು. ಅದು ತಣ್ಣಗೆ ಕೂತು ಮಾಗಲು ಒಂದೂವರೆ ತಿಂಗಳು ಬೇಕು. ಅಂದರೆ ಕುದಿಸುವುದು ಮಾಲೆ ಹಾಕಿದ ಮೇಲೆ, ಮಾಗುವುದು ವ್ರತದ ಉದ್ದಕ್ಕೂ.

"ಈ ಸಲ ಮಾಲೆ ಬೇಡವಾ?" ಎಂದು ನಾನೇ ಕೇಳಿದೆ, ಕೇಳಬಾರದಿತ್ತೇನೋ ಎಂಬ ಭಯದಲ್ಲೇ.

"ಮಾಲೆ ಹಾಕದೆ ಇರುದಾ? ಎಂತ ಮಾತು ನಿಂದು? ಗುರುಸ್ವಾಮಿಯನ್ನು ಕೇಳಿದ್ದೇನೆ."

ಗುರುಸ್ವಾಮಿ ಎಂದರೆ ನಮ್ಮ ಡೊಂಬಿವಲಿಯ ಭಜನಾ ಮಂಡಳಿಯ ಹಿರಿಯರು. ಎಷ್ಟೋ ಸಲ ಬೆಟ್ಟ ಹತ್ತಿದವರು, ಇವರಿಗೆ ಮಾಲೆ ಹಾಕುತ್ತಿದ್ದವರು. ಅವರ ತೀರ್ಪು ಹೀಗಿತ್ತಂತೆ: ಕುದಿಸುವ ದಿನ ಅದು ಬರೀ ಧಾನ್ಯದ ಕಷಾಯ, ಸಿಹಿನೀರು, ಮುಟ್ಟಬಹುದು. ಹುದುಗಿದ ಮೇಲೆ ಮದ್ಯ, ನಾಲಿಗೆಗೆ ತಾಗಬಾರದು. ಮೂಸಬಹುದೋ ಎಂದು ಇವರು ಕೇಳಿದ್ದಕ್ಕೆ, "ಆಘ್ರಾಣವೂ ಅರ್ಧ ಭೋಜನ, ಸ್ವಾಮಿ" ಎಂದರಂತೆ. ಹಾಗಾಗಿ ಮೂಸುವುದೂ ಬಂದ್. ರುಚಿ ನೋಡಲು ಹೋಟೆಲಿನ ಕ್ಯಾಪ್ಟನ್ನನ್ನು, ಅಂದರೆ ವೇಟರುಗಳ ಮೇಲಿನವನನ್ನು ಗೊತ್ತು ಮಾಡಿದರು. ಅವನು ನಾಸಿಕದ ಕಡೆಯವನು. ಅವನಿಗೆ ಬಿಯರ್ ಎಂದರೆ ಎಲ್ಲ ಒಂದೇ.

ಕುದಿಸಿದ ದಿನ ಧಣಿ ಅಲ್ಲೇ ಪೂಜೆ ಇಟ್ಟರು. ಕೆಲಸಗಾರರ ಮನೆಯವರನ್ನೂ ಕರೆದಿದ್ದರು. ನಾನು ಮೊದಲ ಸಲ ಆ ಹಂಡೆಯನ್ನು ಕಂಡದ್ದು ಅಂದೇ. ನಮ್ಮ ಊರಿನ ಬಚ್ಚಲಿನ ಹಂಡೆಯ ದೊಡ್ಡಣ್ಣ. ಅದಕ್ಕೆ ಅರಿಶಿನ ಕುಂಕುಮ, ಸೇವಂತಿಗೆಯ ಮಾಲೆ. ಇಡೀ ಕೋಣೆಯಲ್ಲಿ ಆ ಹುರಿಹಿಟ್ಟಿನ ವಾಸನೆ. ಗುರುಸ್ವಾಮಿಯೇ ಪೂಜೆಗೆ ಕೂತಿದ್ದರು. ಶರಣು ಕೂಗಿದೆವು, ಕಾಯಿ ಒಡೆದರು, ಮಂಗಳಾರತಿ ಆಯಿತು. ಕುದಿದದ್ದು ತಣಿದು ಆಗ ತಾನೇ ಟ್ಯಾಂಕಿಗೆ ಇಳಿದಿತ್ತು. ಇವರು ಕಪ್ಪು ಪಂಚೆ ಉಟ್ಟು, ಕಬ್ಬಿಣದ ಏಣಿ ಹತ್ತಿ, ಟ್ಯಾಂಕಿನ ಮುಚ್ಚಳದ ಹತ್ತಿರ ನಿಂತಿದ್ದರು.

ಗುರುಸ್ವಾಮಿ ಪಂಚಾಮೃತದ ಬಟ್ಟಲು ಹಿಡಿದು ಏಣಿಯ ಬುಡಕ್ಕೆ ಬಂದರು. "ಸ್ವಾಮಿ, ಮುಚ್ಚಳ ತೆಗೀರಿ. ಒಂದು ಉದ್ಧರಣೆ ಒಳಗೆ ಹಾಕುವ."

ಇವರು ಅಲ್ಲಾಡಲಿಲ್ಲ.

"ಹೊರಗಿನಿಂದ ಚಿಮುಕಿಸಿದ್ರೆ ಸಾಕಲ್ವಾ ಸ್ವಾಮಿ? ಅಲ್ಲಿ ಪಾದ್ರಿಗಳು ಸಹ ಪೀಪಾಯಿಯ ಮೇಲೆ ಹಾಕುದು."

"ಅವರದ್ದು ಅವರಿಗೆ. ನಮ್ಮ ತೀರ್ಥಕ್ಕೆ ಒಳಗೆ ಹೊರಗೆ ಉಂಟಾ?"

ಧಣಿ ಕೆಳಗಿನಿಂದ ನಗುತ್ತ ಕೂಗಿದರು, "ತೆಗೀರಿ ಸ್ವಾಮಿ, ಎಂತ ಯೋಚನೆ? ದೇವರು ಒಳಗೆ ಹೋದ್ರೆ ಒಳ್ಳೇದೇ ಅಲ್ವಾ?"

ಎಲ್ಲರೂ ನಕ್ಕರು. ಇವರು ಮುಚ್ಚಳದ ಮೇಲೆ ಕೈಯಿಟ್ಟು ಮಗಳ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಪಂಚಾಮೃತದಲ್ಲಿ ಮೊಸರಿದೆ. ಆದರೆ ಮಾಲೆ ಹಾಕಿದ ಬಾಯಿ ಪಂಚಾಮೃತವನ್ನು ದುಶ್ಮನ್ ಎನ್ನುವುದು ಹೇಗೆ? ಆ ಮುದುಕರ ಮಡಿಯೂ ಮಡಿ, ನಮ್ಮ ಮಡಿಯೂ ಮಡಿ. ಒಂದು ಮಡಿಗೆ ಇನ್ನೊಂದು ಮೈಲಿಗೆ ಎಂದು ಹೇಳುವ ಮಾತು ನಮ್ಮಲ್ಲಿ ಯಾರಿಗೂ ಕಲಿಸಿಲ್ಲ. ಅವರು ಮುಚ್ಚಳ ತೆಗೆದರು. ಗುರುಸ್ವಾಮಿ ಏಣಿ ಹತ್ತಿ, ಮಂತ್ರ ಹೇಳಿ, ತುಳಸಿದಳದ ಜೊತೆ ಮೂರು ಸಲ ಹಾಕಿ ಇಳಿದರು. ಉಳಿದ ಪಂಚಾಮೃತವನ್ನು ನಮಗೆಲ್ಲ ಹಂಚಿದರು. ಸಿಹಿಯಾಗಿತ್ತು.

ವಾಪಸು ಬರುವಾಗ ಗಾಡಿಯಲ್ಲಿ ಕೇಳಿದರು, "ಅಮ್ಮಾ, ಕೆಡ್ತದಾ?"

"ತೀರ್ಥದಿಂದ ಎಲ್ಲಿಯಾದರೂ ಕೆಡ್ತದಾ ಸ್ವಾಮಿ?" ಎಂದೆ. ಬೇರೆ ಯಾರಾದರೂ ಆಗಿದ್ದರೂ ಅದನ್ನೇ ಹೇಳುತ್ತಿದ್ದರು.

ಆ ವರ್ಷದ ವ್ರತದಲ್ಲಿ ನನಗೆ ಗಂಡ ಪೂರ್ತಿ ಸಿಗಲಿಲ್ಲ. ಮನೆಗೆ ಬಂದರೂ ಮನಸ್ಸು ಟ್ಯಾಂಕಿನ ಹತ್ತಿರ. ಭಜನೆಯಲ್ಲಿ ತಾಳ ತಪ್ಪುತ್ತಿತ್ತು. ಥರ್ಮಾಮೀಟರು ಸರಿ ಇದೆ, ಗುಳ್ಳೆ ಸರಿ ಬರುತ್ತಿದೆ, ಬಣ್ಣ ಸರಿ ಇದೆ ಎಂದು ತಮಗೆ ತಾವೇ ಹೇಳಿಕೊಳ್ಳುವರು. ಕ್ಯಾಪ್ಟನ್ ಪ್ರತಿಸಲ ರುಚಿ ನೋಡಿ ಒಂದೇ ಮಾತು ಹೇಳುತ್ತಿದ್ದನಂತೆ: "ಏಕ್‌ದಮ್ ಕಡಕ್ ಹೈ, ಸ್ವಾಮಿ!"

ಒಂದು ದಿನ ಮಾತ್ರ ಅವನು, "ಥೋಡಾ ನಿಂಬೂ ಜೈಸಾ ಲಗತಾ ಹೈ. ಅಚ್ಛಾ ಹೈ, ಫ್ರೆಶ್" ಎಂದನಂತೆ.

ಅಂದು ಸಂಜೆ ಇವರು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು. "ನಿಂಬೆಹುಳಿ ಹಾಗೆ ಬರ್ಲಿಕ್ಕೆ ಇಲ್ಲ ಅಮ್ಮಾ. ಅದರಲ್ಲಿ ಬೆಲ್ಲ ಸುಟ್ಟ ಹಾಗಿನ ರುಚಿ ಬರ್ಬೇಕು, ಮುದುಕರು ಹೇಳಿದ್ದು. ಕೆಟ್ಟಿದ್ರೆ ಈಗಲೇ ಗೊತ್ತಾಗ್ಬೇಕು. ಈಗಾದ್ರೆ ಚೆಲ್ಲಿ ಗೋಧಿಯದ್ದಾದರೂ ಮಾಡ್ಬಹುದು, ಅದು ಬೇಗ ಆಗ್ತದೆ. ವ್ರತ ಮುಗಿದ ಮೇಲೆ ಗೊತ್ತಾದ್ರೆ ಪಾರ್ಟಿ ದಿನ ಕೊಡ್ಲಿಕ್ಕೆ ಒಂದು ಗ್ಲಾಸ್ ಸಹ ಇರುದಿಲ್ಲ."

"ಧಣಿಯೇ ರುಚಿ ನೋಡಲಿ."

"ಅವರೂ ಮಾಲೆ ಹಾಕಿದ್ದಾರೆ."

"ಮುದುಕರಿಗೆ ಫೋನ್ ಮಾಡಿಸಿ."

ಮಗಳು ಫೋನ್ ಹಚ್ಚಿದಳು. ಮುದುಕರು ಎಲ್ಲ ಕೇಳಿ, ತಮ್ಮ ದೇಶದ ಒಂದು ಊರಿನಲ್ಲಿ ಹುಳಿ ಬಿಯರೇ ಇದೆ, ಹಣ್ಣಿನ ಶರಬತ್ತು ಸೇರಿಸಿ ಕುಡಿಯುತ್ತಾರೆ, ಆದರೆ ಇದು ಆ ಬಿಯರಲ್ಲ ಎಂದರಂತೆ. ಆಮೇಲೆ ಒಂದೇ ಮಾತು: ನೀನೇ ನುಂಗಿ ನೋಡು.

ಮರುದಿನ ಬೆಳಗ್ಗೆ ಅವರು ಸ್ನಾನ ಮಾಡಿ ಬಂದರು. ನಾನು ಗೂಡಿನ ಮುಂದೆ ಬತ್ತಿ ಹೊಸೆಯುತ್ತಿದ್ದೆ.

"ಏ, ಇದನ್ನು ಇಟ್ಟುಕೋ" ಎಂದರು.

ಅಮ್ಮ ಎನ್ನಲಿಲ್ಲ. ತಿರುಗಿ ನೋಡುವ ಮೊದಲೇ ನನಗೆ ಗೊತ್ತಾಯಿತು. ಮಾಲೆ ಅವರ ಕೈಯಲ್ಲಿತ್ತು. ಕೊರಳಲ್ಲಿ ಅದು ಕೂತಿದ್ದ ಜಾಗ ಖಾಲಿ ಕಾಣುತ್ತಿತ್ತು.

"ಸ್ವಾಮಿ, ಬೇಡ…"

"ಸ್ವಾಮಿ ಅಲ್ಲ ಈಗ. ಒಂದು ಗ್ಲಾಸ್, ಅಷ್ಟೆ. ಮಾಲೆ ಹಾಕಿಕೊಂಡು ನುಂಗುದು ಬೇಡ ಅಂತ ತೆಗೆದದ್ದು. ದೇವರಿಗೆ ಮೋಸ ಮಾಡ್ಲಿಕ್ಕೆ ಆಗುದಿಲ್ಲ ನಂಗೆ."

ಚಪ್ಪಲಿ ಹಾಕಿಕೊಂಡು ಹೋದರು. ಮೆಟ್ಟಿಲಿನಲ್ಲಿ ಆ ಚಪ್ಪಲಿಯ ಸದ್ದು ಕೇಳುತ್ತ ನಾನು ಮಾಲೆ ಹಿಡಿದು ಕೂತೆ. ಕುಡಿಯಲು ಹೋದವರಲ್ಲ. ರುಚಿ ನೋಡಲು ಹೋದವರು. ಈ ಎರಡರ ನಡುವಿನ ವ್ಯತ್ಯಾಸ ಮೇಲಿರುವವನಿಗೆ ತಿಳಿಯುತ್ತದೆ ಎಂದು ನಂಬಿಕೊಂಡು ಆ ದಿನ ದೀಪ ಆರದ ಹಾಗೆ ಎಣ್ಣೆ ಹಾಕುತ್ತಲೇ ಇದ್ದೆ.

ಅದು ಹುಳಿಯಾಗಿತ್ತು. ಒಂದೇ ಗುಟುಕಿಗೆ ಗೊತ್ತಾಯಿತಂತೆ. ನಮ್ಮ ಮನೆಯ ಮೊಸರಿನದ್ದೇ ಹುಳಿ ಎಂದರು ಆಮೇಲೆ ನನ್ನೊಡನೆ. ನೇರವಾಗಿ ಧಣಿಯ ಹತ್ತಿರ ಹೋಗಿ, ಚೆಲ್ಲಬೇಕು, ಇವತ್ತೇ ಗೋಧಿಯದ್ದು ಶುರು ಮಾಡಬೇಕು ಎಂದರು. ಯಾಕೆ ಕೆಟ್ಟಿತು ಎಂದು ಧಣಿ ಕೇಳಿದರು. ಸುಳ್ಳು ಹೇಳಲು ಬಾರದ ಮನುಷ್ಯ, ಪಂಚಾಮೃತದ ಮೊಸರು ಎಂದುಬಿಟ್ಟರು.

ಧಣಿ ಅವರ ಕೊರಳು ನೋಡಿದರಂತೆ. "ಮಾಲೆ ಎಲ್ಲಿ?"

"ತೆಗೆದೆ. ರುಚಿ ನೋಡ್ಲಿಕ್ಕೆ."

"ಮಂಡಲದ ಮಧ್ಯೆ ಮಾಲೆ ತೆಗೆದು ಕುಡಿದು ಬಂದು, ದೇವರ ತೀರ್ಥದಿಂದ ಕೆಟ್ಟಿತು ಹೇಳ್ತೀಯಾ? ನಾಚಿಕೆ ಇಲ್ವಾ ನಿಂಗೆ? ಕ್ಯಾಪ್ಟನ್ ನಿನ್ನೆವರೆಗೆ ಒಳ್ಳೇದುಂಟು ಹೇಳಿದ. ನಿನ್ನ ಕೈ ತಾಗಿ ಕೆಟ್ಟದ್ದು."

ಗುರುಸ್ವಾಮಿಯನ್ನು ಕರೆಸಿದರು. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಅಯ್ಯಪ್ಪಸ್ವಾಮಿಗೆ ಎಲ್ಲ ಕಾಣ್ತದೆ" ಎಂದರು ಅಷ್ಟೆ. ವಾರ ಕಳೆಯುವುದರೊಳಗೆ ಡೊಂಬಿವಲಿಯ ನಮ್ಮವರ ನಡುವೆ ಅದೇ ಮಾತಾಯಿತು. ವ್ರತ ಮುರಿದ, ಧಣಿಯ ಟ್ಯಾಂಕಿಗೆ ಟ್ಯಾಂಕೇ ಹುಳಿಯಾಯಿತು, ನೋಡಿ ಅಯ್ಯಪ್ಪನ ಮಹಿಮೆ. ಭಜನೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳೇ ನನಗೆ ಅದನ್ನು ಹೇಳಿದಳು, ನನ್ನ ಕೈ ಹಿಡಿದುಕೊಂಡು, ಕರುಣೆಯಿಂದ. "ನಿಮ್ಮ ತಪ್ಪಲ್ಲ ಅಕ್ಕ, ನೀವು ಎಷ್ಟು ಮಡಿ ಮಾಡ್ತೀರಿ!"

ಟ್ಯಾಂಕನ್ನು ಕೊನೆಗೆ ಮೋರಿಗೆ ಬಿಟ್ಟರು. ಇವರನ್ನೂ ಬಿಟ್ಟರು. ಆ ಜರ್ಮನಿಯ ಕಥೆಯಲ್ಲಿ ಹುಳಿಯಾದ ಬಿಯರನ್ನು ಕುಡಿದು ಕರುಣೆ ತೋರಿದ ಗುರುಗಳಿದ್ದರು. ನಮ್ಮ ಕಥೆಯಲ್ಲಿ ಆ ಹುಳಿಯನ್ನು ನುಂಗಿದವರು ಇವರೊಬ್ಬರೇ.

ಕೆಲಸ ಹೋದ ದಿನ ಅವರು ವಿಸ್ಕಿ ಕುಡಿದು ಬಂದರು. ಮಾಲೆಯನ್ನು ಪುನಃ ಹಾಕಿಸಿಕೊಳ್ಳಿ, ಮುಂದಿನ ವರ್ಷ ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು ಎಂದು ದಿನ ಕಳೆದು ಹೇಳಿದೆ. "ಯಾರಿಗೆ ಪ್ರಾಯಶ್ಚಿತ್ತ? ಎಂತಕ್ಕೆ?" ಎಂದರು. ಮುಂದಿನ ವರ್ಷ ವೃಶ್ಚಿಕ ಬಂತು. ಕಪ್ಪು ಪಂಚೆ ಒಗೆದು, ಮಡಚಿ, ಕಾಣುವ ಹಾಗೆ ಇಟ್ಟೆ. ಅದರ ಪಕ್ಕದಿಂದ ನಡೆದು ಹೋದರು. ಅದರ ಮುಂದಿನ ವರ್ಷವೂ ಒಗೆದಿಟ್ಟೆ. ವರ್ಷಕ್ಕೊಮ್ಮೆ ಸಿಗುತ್ತಿದ್ದವರು ಈಗ ಒಮ್ಮೆಯೂ ಸಿಗದ ಹಾಗಾದರು. ಭಿವಂಡಿಯಲ್ಲಿ ಒಂದು ಗೋಡೌನಿನ ಕಾವಲಿಗೆ ಹೋಗುತ್ತಿದ್ದರು, ಹೋಗದ ದಿನಗಳೇ ಹೆಚ್ಚು. ನಾನು ತಿಂಡಿ ಮಾಡಿ ಮಾರಿ ಮನೆ ನಡೆಸಿದೆ. ಮಗಳು ಓದಿದಳು, ಕೆಲಸಕ್ಕೆ ಸೇರಿದಳು, ಅದು ದಯೆ. ಬಾಡಿಗೆ ಮನೆಯ ಮಾಲೀಕರು ಒಳ್ಳೆಯವರು, ಅದೂ ದಯೆ. ಹೀಗೆ ಒಂದೊಂದನ್ನೇ ಹೆಕ್ಕುತ್ತೇನೆ, ನೆಲಕ್ಕೆ ಚೆಲ್ಲಿದ ಧಾನ್ಯದಲ್ಲಿ ಕಾಳು ಹೆಕ್ಕುವ ಹಾಗೆ. ಆದರೆ ನನಗೆ ಸಿಗುವುದು ಕಲ್ಲೇ ಹೆಚ್ಚು.

ದೇವರ ಮೇಲೆ ಕೋಪವಿದೆಯೇ ಎಂದು ಮಗಳು ಒಮ್ಮೆ ಕೇಳಿದಳು. ಇಲ್ಲ. ದಿನವೂ ತೀರ್ಥ ತೆಗೆದುಕೊಳ್ಳುತ್ತೇನೆ. ಮೊಸರು ಅದರ ಗುಣ ತೋರಿಸಿತು, ಅದರಲ್ಲಿ ದೇವರ ತಪ್ಪೇನು? ಆದರೆ ಅವನು ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತು ಎಂದು ಅನಿಸುತ್ತದೆ. ಇವನದ್ದು ತಪ್ಪಿಲ್ಲ ಎಂದು, ಯಾರ ಬಾಯಿಯಿಂದಾದರೂ ಸರಿ. ಹೇಳಲಿಲ್ಲ.

ಲಿವರ್ ಪೂರ್ತಿ ಹೋಗಿ ಹೊಟ್ಟೆಯಲ್ಲಿ ನೀರು ತುಂಬಿದಾಗ ಕಲ್ಯಾಣದ ಒಂದು ಆಸ್ಪತ್ರೆಗೆ ಸೇರಿಸಿದೆವು. ಕೊನೆಕೊನೆಗೆ ಅನ್ನ ಹೋಗುತ್ತಿರಲಿಲ್ಲ. ಸ್ವಲ್ಪ ಬಾರ್ಲಿ ಗಂಜಿ ಕೊಡಿ, ತೆಳ್ಳಗೆ, ಎಂದರು ಡಾಕ್ಟರು. ಬಾರ್ಲಿ ಎಂದರೆ ಜವೆಯೇ. ಸ್ವಲ್ಪ ಹುರಿದು ಕುದಿಸಿದರೆ ಬಾಯಿಗೆ ಹಿಡಿಸೀತೆಂದು ಹಾಗೆಯೇ ಮಾಡಿ ಫ್ಲಾಸ್ಕಿನಲ್ಲಿ ಒಯ್ದೆ. ಮುಚ್ಚಳ ತೆಗೆದಾಗ ಆವಿ ಎದ್ದಿತು. ಕಣ್ಣು ಮುಚ್ಚಿ ಮಲಗಿದ್ದವರು ಮೂಗನ್ನು ಸ್ವಲ್ಪ ಎತ್ತಿದರು.

"ಹದ ಸರಿ ಉಂಟು" ಎಂದರು. "ಇನ್ನು ಬಿಸಿ ಮಾಡ್ಬೇಡಿ, ಸಿಹಿ ಬಿಡ್ತಾ ಉಂಟು."

ಯಾರಿಗೆ ಹೇಳುತ್ತಿದ್ದರೋ. ಹಂಡೆಯ ಹತ್ತಿರ ನಿಂತಿದ್ದರೆಂದು ನಾನು ತಿಳಿದುಕೊಂಡೆ. ಆ ತಿಂಗಳುಗಳ ಮನುಷ್ಯ ಒಂದು ಗಳಿಗೆ ವಾಪಸು ಬಂದ ಹಾಗಾಯಿತು. ಬಾಯಿ ತಪ್ಪಿತು.

"ಒಂದು ಗುಟುಕು ಕುಡೀರಿ ಸ್ವಾಮಿ" ಎಂದೆ.

ಕಣ್ಣು ತೆರೆದರು. ನನ್ನನ್ನು ನೋಡಿದರು, ಪೂರ್ತಿ ನೋಡಿದರು.

"ಹಾಗೆ ಕರೀಬೇಡ" ಎಂದು ಗೋಡೆಯ ಕಡೆ ಹೊರಳಿದರು.

ಲೋಟವನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಔಷಧಿ ತರಲು ಕೆಳಗೆ ಹೋದೆ. ವಾಪಸು ಬಂದಾಗ ಅವರು ಹಾಗೆಯೇ ಗೋಡೆಗೆ ಮುಖ ಮಾಡಿ ಮಲಗಿದ್ದರು. ಗಂಜಿ ಆರಿ ಕೆನೆ ಕಟ್ಟಿತ್ತು. ಆದರೆ ಲೋಟ ಅರ್ಧಕ್ಕೆ ಇಳಿದಿತ್ತು.